ಗೇರು ಹಾಕಿದ ಮೇಲೂ

ಎಂಜಿನ್ ನಿಂತ ಮೇಲೆ ದೋಣಿ ನಿಶ್ಶಬ್ದವಾಗಬೇಕಿತ್ತು. ಬೆಳಿಗ್ಗೆ ಹಗ್ಗ ಬಿಚ್ಚಿದಾಗಿನಿಂದ ಗಂಡ ಅದನ್ನೇ ಹೇಳಿಕೊಂಡು ಬಂದಿದ್ದ. ಎಂಜಿನ್ ಆರಿಸಿದ ಆ ಗಳಿಗೆ ಇದೆಯಲ್ಲ, ಅದೊಂದಕ್ಕಾಗಿಯೇ ಜನ ಇಷ್ಟೆಲ್ಲ ತಾಪತ್ರಯ ಮೈಮೇಲೆ ಎಳೆದುಕೊಂಡು ಹಾಯಿದೋಣಿ ಇಟ್ಟುಕೊಳ್ಳುವುದು ಎಂದು. ಅವನು ಹೇಳುತ್ತಿದ್ದದ್ದು ಡಾಕ್ಟರಮ್ಮನಿಗೆ. ಡಾಕ್ಟರಮ್ಮ ಅಂದರೆ ಹಲ್ಲಿನ ಡಾಕ್ಟರು, ಈ ದೋಣಿಯ ಒಡತಿ. ಬದುಕಿಡೀ ಬೇರೆಯವರ ಬಾಯೊಳಗೆ ಇಣುಕಿ ಸಾಕಾಗಿ ಈಗ ಸಮುದ್ರ ನೋಡಲು ಹೊರಟಿದ್ದೇನೆ ಎಂದು ತಾವೇ ಹೇಳಿಕೊಂಡು ನಗುವವರು. ದೋಣಿಗೆ ಹೊಸ ಶಾಫ್ಟ್ ಹಾಕಿದ್ದು ಗಂಡ. ಎಂಜಿನ್ನಿಗೂ ನೀರಿನಡಿಯ ಪ್ರೊಪೆಲ್ಲರಿಗೂ ನಡುವಿನ ಆ ಉಕ್ಕಿನ ದಂಡ ಹೋದ ವಾರವಷ್ಟೇ ಅವನ ಕೈಯಿಂದ ಕೂತಿತ್ತು. ಇವತ್ತು ಕೊಲ್ಲಿ ದಾಟಿ ಆಚೆ ದಡದ ಕ್ಲಬ್ಬಿನ ಬಂದರಿಗೆ ದೋಣಿ ತಲುಪಿಸಬೇಕು. ಡಾಕ್ಟರಮ್ಮನಿಗೆ ಒಪ್ಪಿಗೆಯಾದರೆ ಕ್ಲಬ್ಬಿನ ಉಳಿದ ದೋಣಿಗಳೂ ಅವನ ಕೈಗೆ ಬರುತ್ತವೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅದಕ್ಕೆಂದೇ ಗಂಡ ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಅವಳನ್ನೂ ಜೊತೆಗೆ ಕರೆದಿದ್ದ. ಸುಮ್ಮನೆ ಬಾ, ಗಾಳಿ ತಗೊಂಡ ಹಾಗೆ ಆಗುತ್ತೆ ಎಂದಿದ್ದ. ಯಾಕೆ ಕರೆಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತೇನೋ, ಅದು ಅವಳಿಗೆ ತಿಳಿಯದು.

ಎಂಜಿನ್ ಆರಿತು, ಹಾಯಿ ಗಾಳಿ ತುಂಬಿಕೊಂಡು ಒಂದು ಕಡೆಗೆ ವಾಲಿತು, ಆದರೆ ಕಾಲಡಿಯಿಂದ ಗುಂಯ್ ಎಂದು ಒಂದು ಸದ್ದು ಮುಂದುವರಿಯಿತು. ಮುಚ್ಚಿದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದ ಹಾಗೆ. ಡಾಕ್ಟರಮ್ಮ ಹುಬ್ಬೇರಿಸಿದರು. ಗಂಡ ನಕ್ಕ. ಚುಕ್ಕಾಣಿ ಹಿಡಿದುಕೊಂಡೇ ಚಪ್ಪಲಿ ಬಿಟ್ಟು ಬರಿಗಾಲನ್ನು ಹಲಗೆಯ ಮೇಲೆ ಒತ್ತಿ, ಇದು ರೋಗ ಅಲ್ಲ ಡಾಕ್ಟ್ರೇ ಎಂದು ವಿವರಿಸತೊಡಗಿದ. ದೋಣಿ ಮುಂದೆ ಹೋದಂತೆ ನೀರು ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಎಂಜಿನ್ ನಿಂತಿದ್ದರೂ ಶಾಫ್ಟ್ ಸುಮ್ಮನೆ ಸುತ್ತುತ್ತಿರುತ್ತದೆ, ಸದ್ದು ಅದರದ್ದು. ಗೇರನ್ನು ಹಿಂದಕ್ಕೆ ಹಾಕಿಟ್ಟರೆ ಶಾಫ್ಟ್ ಕಚ್ಚಿಕೊಂಡು ನಿಲ್ಲುತ್ತದೆ. ನೋಡಿ ಎಂದು ಸನ್ನೆಕೋಲನ್ನು ಹಿಂದಕ್ಕೆಳೆದ. ಗುಂಯ್‌ಗುಡುವುದು ಕತ್ತರಿಸಿದಂತೆ ನಿಂತಿತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನಮ್ಮಲ್ಲೂ ಹಾಗೊಂದು ಗೇರಿದ್ದಿದ್ದರೆ ಎಷ್ಟು ಜನರ ಬಾಯಿ ನಿಲ್ಲಿಸಬಹುದಿತ್ತು ಮೇಸ್ತ್ರಿ ಎಂದರು. ಅವನು ನಕ್ಕ, ಅವರು ನಕ್ಕ ಮೇಲೆ ನಕ್ಕ, ಒಂದು ಉಸಿರಿನಷ್ಟು ತಡವಾಗಿ. ಆ ತಡವನ್ನು ಅಳೆಯುವುದು ಅವಳಿಗೆ ಚಟವಾಗಿ ಹೋಗಿತ್ತು.

ಆಗಲೇ ಅವಳಿಗೆ ಇನ್ನೊಂದು ಕೇಳಿಸಿದ್ದು.

ಮೊದಲ ಸದ್ದು ನಿಂತದ್ದರಿಂದಲೇ ಇದು ಕೇಳಿಸಿತು, ಜನ ಎದ್ದು ಹೋದ ಮೇಲೆ ಗೋಡೆ ಗಡಿಯಾರ ಕೇಳಿಸುವ ಹಾಗೆ. ಅದಕ್ಕೊಂದು ಹೆಸರು ಕೊಡಲು ನೋಡಿದಳು. ಶಾಲೆಯ ಪಠ್ಯಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಒಂದು ಪದದ ಜಾಗದಲ್ಲಿ ಅದರ ನೆಂಟ ಕೂತಿದ್ದರೂ ಅವಳಿಗೆ ನಿದ್ದೆ ಬಾರದು. ಟಿಕ್ ಎನ್ನಲೇ? ಟಿಕ್ ಒಣಗಿದ್ದು. ಕಟಕ್ ಎನ್ನುವಷ್ಟು ಭಾರವಿಲ್ಲ. ಚಿಟ್. ಹೌದು, ಚಿಟ್. ಉಗುರು ಕತ್ತರಿಸುವಾಗಿನಂಥದ್ದು, ಸಣ್ಣ, ಚೂಪು, ಲೋಹದ್ದು. ದೋಣಿ ಅಲೆಯೇರುವಾಗ ಒಮ್ಮೆ ಚಿಟ್, ಇಳಿಯುವಾಗ ಇನ್ನೊಮ್ಮೆ. ನಡುವೆ ಏನಿಲ್ಲ. ಅವಳು ಗಂಡನ ಮುಖ ನೋಡಿದಳು. ಬಡಿಸಿದ್ದೆಲ್ಲ ಉಂಡು ಎಲೆ ಮಡಚಿದವನ ಮುಖ. ಬರಿಗಾಲು ಇನ್ನೂ ಹಲಗೆಗೆ ಒತ್ತಿಕೊಂಡಿತ್ತು, ಹೆಬ್ಬೆರಳು ಅಗಲವಾಗಿ ಹರಡಿಕೊಂಡು. ಕಾಲಿಗೆ ಗುಂಯ್ ಸಿಗುತ್ತದೆ, ಚಿಟ್ ಸಿಗುವುದಿಲ್ಲ. ಕಾಲು ಕಿವಿಯ ಕೆಲಸಕ್ಕೆ ಬಂದದ್ದು ಯಾವಾಗಿನಿಂದ? ಹಿಂದೊಂದು ದಿನ ಮನೆಯಲ್ಲಿ ಕೆಟಲ್ಲು ಎಷ್ಟೋ ಹೊತ್ತಿನಿಂದ ಸೀಟಿ ಹಾಕುತ್ತಿತ್ತು, ಅಡುಗೆಮನೆಯಲ್ಲಿ ಅವನು ಪೇಪರು ಓದುತ್ತ ಕೂತಿದ್ದ, ಕೆಟಲ್ಲಿಗೂ ಅವನ ಮೊಣಕೈಗೂ ಒಂದು ಗೇಣು. ಅವಳು ಬಟ್ಟೆ ಹರವುತ್ತಿದ್ದವಳು ಮಹಡಿಯಿಂದ ಓಡಿ ಬಂದಾಗ ನೀರು ಬತ್ತಿ ತಳ ಕೆಂಪಾಗಿತ್ತು. ಅವನು ತಲೆಯೆತ್ತಿ, ಏನು ಓಡಿ ಬಂದೆ ಎಂದ. ಏನಿಲ್ಲ ಎಂದಳು. ಆ ಏನಿಲ್ಲ ಅವತ್ತು ಮನೆಗೆ ಬಂದದ್ದು, ಹೋಗಲೇ ಇಲ್ಲ. ಆಮೇಲೆ ನೆಂಟರ ಮನೆಯಲ್ಲಿ ಅವನ ಎಡಕ್ಕೆ, ಹೆಚ್ಚು ಮಂದವಾದ ಕಿವಿಯ ಬದಿಗೆ, ಕೂರುವುದು ಅವಳು. ಫೋನೆತ್ತಿ, ಅವರು ಕೈಗೆ ಗ್ರೀಸ್ ಮಾಡ್ಕೊಂಡಿದಾರೆ, ನಂಗೇ ಹೇಳಿ ಎನ್ನುವುದು ಅವಳು. ಯಾರಾದರೂ ಮೆಲ್ಲಗೆ ಏನಾದರೂ ಅಂದರೆ, ನೋಡ್ರೀ ಇವರು ಹೀಗಂತಾರೆ ಎಂದು ದೊಡ್ಡ ದನಿಯಲ್ಲಿ ಅಚ್ಚರಿಪಟ್ಟು ಅವನಿಗೆ ದಾಟಿಸುವುದೂ ಅವಳೇ. ಗಂಡನ ಮಾತನ್ನೂ ಇವಳೇ ಆಡ್ತಾಳಲ್ಲ ಎಂದು ನಾದಿನಿ ಮೂತಿ ತಿರುವಿದ್ದಳು. ಅದನ್ನು ಮಾತ್ರ ಅವಳು ಅವನಿಗೆ ದಾಟಿಸಲಿಲ್ಲ.

ಚಿಟ್.

ಹೇಳಬೇಕು. ಹೇಳಿದರೆ ಚಮಚದ ಕಥೆ ಬರುತ್ತದೆ. ಬೆಳಿಗ್ಗೆ ಕಟ್ಟೆಯ ಮೇಲೆಯೇ ಅವನು ಅದನ್ನು ಡಾಕ್ಟರಮ್ಮನಿಗೆ ಹೇಳಿ ಮುಗಿಸಿದ್ದ. ಹಿಂದೊಮ್ಮೆ ಯಾರದೋ ದೋಣಿಯಲ್ಲಿ ಹೋಗುವಾಗ ಇವಳಿಗೆ ಏನೋ ಸದ್ದು ಕೇಳಿ, ತಳ ಒಡೀತಾ ಇದೆ ಅಂತ ಹಟ ಹಿಡಿದು, ದೋಣಿ ತಿರುಗಿಸಿ, ದಡಕ್ಕೆ ತಂದು, ಹಲಗೆಯೆಲ್ಲ ಎಬ್ಬಿಸಿ ನೋಡಿದರೆ ಡ್ರಾಯರಿನಲ್ಲಿ ಒಂದು ಚಮಚ ಉರುಳಾಡುತ್ತಿತ್ತು ಎಂದು. ಇವಳಿಗೆ ಇರುವೆ ನಡೆದರೂ ಕೇಳುತ್ತೆ ಡಾಕ್ಟ್ರೇ ಎಂದು. ಕಥೆ ನಿಜವೇ. ಅವಳೂ ನಕ್ಕಿದ್ದಳು. ಆದರೆ ಆ ಕಥೆಯನ್ನು ಅವನು ಈಚೆಗೆ ಹೆಚ್ಚು ಹೇಳುತ್ತಿದ್ದ, ಎಲ್ಲಿಗೆ ಹೋದರೂ ಮೊದಲೇ ಹೇಳಿಬಿಡುತ್ತಿದ್ದ, ಬಾಗಿಲಿಗೆ ಮೊದಲೇ ಅಗಳಿ ಹಾಕುವವನ ಹಾಗೆ. ಒಮ್ಮೆ ಆ ಕಥೆ ಹೇಳಿಟ್ಟರೆ ಆಮೇಲೆ ಅವಳಿಗೆ ಏನು ಕೇಳಿಸಿದರೂ ಅದು ಚಮಚವೇ.

"ರೀ, ಇನ್ನೂ ಏನೋ ಇದೆ," ಎಂದಳು ಕೊನೆಗೆ, ಅವನು ತನ್ನ ಕಡೆ ನೋಡುವವರೆಗೂ ಕಾದು.

ಅವನು ತಲೆ ಓರೆ ಮಾಡಿದ. ಕೇಳಿಸಿಕೊಳ್ಳುವವನ ಭಂಗಿ ಅದು. ಅಂಗಳದ ತುಂಬ ಜನ ದೋಣಿ ತಂದು ನಿಲ್ಲಿಸಿಕೊಂಡು ಆ ತಲೆ ಓರೆಯಾಗುವುದನ್ನೇ ಕಾಯುತ್ತಿದ್ದ ದಿನಗಳಲ್ಲಿ ಅವಳು ಅದನ್ನು ಬಾಗಿಲ ಸಂದಿಯಿಂದ ನೋಡಿ ಹಿಗ್ಗುತ್ತಿದ್ದಳು. ಎಂಜಿನ್ ಆಡಿಸಿ ಅನ್ನುವನು, ಕಣ್ಣು ಮುಚ್ಚುವನು, ಇಂಥ ಕಡೆ ಇಂಥದ್ದು ಎನ್ನುವನು. ಈಗ ಅವನು ಅಲೆ ಏರುವಾಗ ಕೇಳಿಸಿಕೊಂಡ, ಅಲೆ ಇಳಿಯುವಾಗ ಕೇಳಿಸಿಕೊಂಡ. ಚಿಟ್, ಚಿಟ್. ಎರಡೂ ಅವನ ಮುಖದ ಮುಂದೆಯೇ ಹಾದುಹೋದವು.

"ಏನಿಲ್ಲ ಬಿಡು. ಚಮಚ ಇರಬೇಕು," ಎಂದ.

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಅವಳ ಕಿವಿ ಬಿಸಿಯಾಯಿತು. ನಗಬೇಕೆಂದು ನೆನಪಾಗಿ ನಕ್ಕಳು. ತಾನೂ ತಡವಾಗಿ ನಕ್ಕೆ ಎಂದು ಹೊಳೆಯಿತು.

ಅವಳನ್ನು ಹೆದರಿಸುತ್ತಿದ್ದದ್ದು ಸದ್ದಲ್ಲ, ಅದು ಯಾವುದೆಂದು ತನಗೆ ಗೊತ್ತಿರುವುದು. ಕಲಿಸಿದ್ದು ಅವನೇ. ಮದುವೆಯಾದ ಹೊಸದರಲ್ಲಿ ಊಟದ ಮೇಜಿನ ಮೇಲೆ ಲಟ್ಟಣಿಗೆಯನ್ನು ಶಾಫ್ಟ್ ಮಾಡಿ, ಲೋಟವನ್ನು ಗೇರುಪೆಟ್ಟಿಗೆ ಮಾಡಿ ಪಾಠ ಹೇಳುತ್ತಿದ್ದ. ಹಾಯಿಯಲ್ಲಿ ಹೋಗುವಾಗ ಸದ್ದು ಬಂದರೆ ಮೊದಲು ದೋಣಿಯ ವೇಗದ ಜೊತೆ ಅದು ಏರಿಳಿಯುತ್ತಾ ನೋಡು. ಆಮೇಲೆ ಗೇರು ಹಾಕಿ ಶಾಫ್ಟ್ ನಿಲ್ಲಿಸು. ಸದ್ದೂ ನಿಂತರೆ ಬದುಕಿದೆ. ಶಾಫ್ಟ್ ನಿಂತ ಮೇಲೂ ಸದ್ದು ಉಳಿದರೆ? ಅವಳು ಕೇಳಿದ್ದಳು, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ. ಆಗ ಶಾಫ್ಟು, ಅದನ್ನ ಎಂಜಿನ್ನಿಗೆ ಜೋಡಿಸೋ ಕಪ್ಲಿಂಗಿನೊಳಗೆ ಅಲ್ಲಾಡ್ತಾ ಇದೆ ಅಂತ ಅರ್ಥ, ಎಂಜಿನ್ನಿಗೂ ಅದಕ್ಕೂ ನಂಟು ಬಿಟ್ಟಿದೆ ಅಂತ ಅರ್ಥ, ಎಂದಿದ್ದ. ಎಂಜಿನ್ನಿನಲ್ಲಿ ಮುಂದಕ್ಕೆ ಹೋದರೆ ಪ್ರೊಪೆಲ್ಲರ್ ಶಾಫ್ಟನ್ನು ಒಳಕ್ಕೆ ತಳ್ಳುತ್ತೆ, ಪರವಾಗಿಲ್ಲ. ಎಂಜಿನ್ ಹಾಕಿ ಹಿಂದಕ್ಕೆ ತಗೊಂಡೆಯೋ, ಹೊರಕ್ಕೆ ಎಳೆಯುತ್ತೆ. ಅವನು ಲಟ್ಟಣಿಗೆಯನ್ನು ಲೋಟದಿಂದ ಸರಕ್ಕನೆ ಎಳೆದು ತೋರಿಸಿದ್ದ. ಶಾಫ್ಟ್ ಸಮುದ್ರಕ್ಕೆ, ಅದಿದ್ದ ತೂತಿನಿಂದ ಸಮುದ್ರ ನಿನ್ನ ಮಡಿಲಿಗೆ.

ಆಚೆ ದಡ ಈಗ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕಲ್ಲಿನ ಎರಡು ಗೋಡೆಗಳ ನಡುವೆ ಬಂದರಿನ ಕಿರಿದಾದ ಬಾಯಿ, ಒಳಗೆ ಒತ್ತೊತ್ತಾಗಿ ನಿಂತ ದೋಣಿಗಳ ಕಂಬಗಳು. ಆ ಬಾಯಿ ಸಮೀಪಿಸಿದಾಗ ಹಾಯಿ ಇಳಿಸುತ್ತಾನೆ, ಎಂಜಿನ್ ಹಾಕುತ್ತಾನೆ, ಮೆಲ್ಲಗೆ ಒಳಗೆ ಹೋಗುತ್ತಾನೆ. ದೋಣಿಗೆ ಬ್ರೇಕ್ ಇಲ್ಲ. ಕಟ್ಟೆಯ ಹತ್ತಿರ ನಿಲ್ಲಿಸಬೇಕಾದರೆ ಎಂಜಿನ್ನನ್ನು ಹಿಂದಕ್ಕೆ ಹಾಕಲೇಬೇಕು. ಕ್ಲಬ್ಬಿನ ಜನ ಕಟ್ಟೆಯ ಮೇಲೆ ಕೂತಿರುತ್ತಾರೆ, ನೋಡುತ್ತಿರುತ್ತಾರೆ.

ಅಥವಾ ಅದು ಚಮಚವೇ ಇರಬಹುದು. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ನಾಚಿಕೆಯಾಯಿತು. ಹಿಂದಿನ ಸಲ ದೋಣಿ ತಿರುಗಿಸಿದಾಗ ತಳ ನಿಜಕ್ಕೂ ಒಡೆದಿರಲಿ ಎಂದು ಒಂದು ಗಳಿಗೆ ಬಯಸಿದ್ದಳು, ಮರ್ಯಾದೆ ಉಳಿಯಲಿ ಎಂದು. ಈಗ ತಾನು ಹೇಳಿದ್ದು ಸುಳ್ಳಾಗಲಿ ಎಂದು ಬಯಸುತ್ತಿದ್ದಾಳೆ, ಅವನ ಮರ್ಯಾದೆ ಉಳಿಯಲಿ ಎಂದು. ನೀರು ತರ್ತೀನಿ, ಬಿಸಿಲು ಜೋರಾಯ್ತು ಎಂದು ಯಾರಿಗೂ ಅಲ್ಲದೆ ಹೇಳಿ ಎದ್ದಳು. ಗಂಡ ದಡ ನೋಡುತ್ತಿದ್ದ.

ಕೆಳಗಿನ ಕೋಣೆಯಲ್ಲಿ ಡೀಸೆಲ್ಲಿನ, ಒದ್ದೆ ಹಗ್ಗದ ವಾಸನೆ. ಇಲ್ಲಿ ಚಿಟ್ ಇನ್ನೂ ಸ್ಪಷ್ಟ. ಮೊದಲು ಡ್ರಾಯರ್ ತೆಗೆದಳು. ಚಮಚಗಳನ್ನು ಯಾರೋ ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟಿದ್ದರು. ಅದನ್ನು ಮುಚ್ಚಿ, ಮೆಟ್ಟಿಲ ಹಿಂದಿನ ಮುಚ್ಚಳ ಸರಿಸಿ, ಫೋನಿನ ಟಾರ್ಚು ಹಿಡಿದು ಮಂಡಿಯೂರಿದಳು. ಎಂಜಿನ್ನಿನ ಹಿಂದೆ ಕಪ್ಲಿಂಗ್, ಬಾವಿ ರಾಟೆಯಷ್ಟು ದಪ್ಪದ ಕಬ್ಬಿಣದ ಬಿಲ್ಲೆ. ಅದರ ಹೊಟ್ಟೆಯಿಂದ ಹೊರಟ ಶಾಫ್ಟ್ ದೋಣಿಯ ಬೆನ್ನಿನ ಕಡೆ ಕತ್ತಲೆಗೆ ಹೋಗುತ್ತಿತ್ತು. ಹೊರಡುವಲ್ಲಿ, ಕಪ್ಲಿಂಗಿನ ಬಾಯಿಗೆ ಅಂಟಿಕೊಂಡು, ಶಾಫ್ಟಿನ ಮೇಲೆ ಒಂದು ಬೆರಳಗಲದ ಬಳೆ, ಹೊಸ ಉಕ್ಕಿನ ಬಿಳಿ ಹೊಳಪು. ಅದರ ಆಚೆಗೆಲ್ಲ ಗ್ರೀಸಿನ ಕಪ್ಪು. ಆ ಹೊಳೆಯುವ ಭಾಗ ಕಪ್ಲಿಂಗಿನ ಒಳಗೆ ಇರಬೇಕಾದದ್ದು. ಹೊರಗೆ ಬಂದಿದೆ. ಬೆರಳಿಟ್ಟಳು. ಅಲೆ ಏರಿತು. ಬೆರಳ ತುದಿಯಲ್ಲಿ, ನಾಡಿಯ ಹಾಗೆ, ಚಿಟ್.

ಶಾಫ್ಟನ್ನು ಹಿಡಿದಿಡುವ ಎರಡು ಸ್ಕ್ರೂಗಳ ತಲೆಗೆ ಸಣ್ಣ ತಂತಿ ಪೋಣಿಸಿ ಹುರಿ ಮಾಡಿ ಕಟ್ಟಿದ್ದ. ಎಂಥ ಚಂದದ ಕೆಲಸ. ಹುಡುಗಿಯ ಜಡೆ ಹೆಣೆದ ಹಾಗೆ, ಒಂದೆಳೆಯೂ ಆಚೀಚೆಯಿಲ್ಲ. ಅದು ಕಣ್ಣಿನ ಮತ್ತು ಬೆರಳಿನ ಕೆಲಸ, ಅವೆರಡೂ ಅವನಿಗೆ ಸುಳ್ಳು ಹೇಳುವುದಿಲ್ಲ. ಆದರೆ ಸ್ಕ್ರೂ ಪೂರ್ತಿ ಕೂತಿತೋ ಇಲ್ಲವೋ ಎನ್ನುವುದನ್ನು ಅವನು ನೋಡುವುದು ಬೇರೆ ರೀತಿ. ಉಳಿದ ಮೆಕ್ಯಾನಿಕ್ಕುಗಳು ಮುಳ್ಳಿರುವ ಸ್ಪ್ಯಾನರ್ ಹಿಡಿದು ಬಿಗಿ ಅಳೆಯುತ್ತಾರೆ, ಅದು ಕಿವುಡರಿಗೆ ಎಂದು ಅವನ ತಮಾಷೆ. ಅವನು ಸ್ಕ್ರೂವಿನ ತಲೆಗೆ ಸ್ಪ್ಯಾನರಿನಿಂದ ಒಮ್ಮೆ ತಟ್ಟುತ್ತಾನೆ. ಟಣ್ ಎಂದರೆ ತಳ ಕಂಡಿದೆ, ಟಪ್ ಎಂದರೆ ಇನ್ನೂ ಒಂದು ಸುತ್ತು ಬಾಕಿ. ಹೋದ ವಾರವೂ ಹೀಗೇ ಮಂಡಿಯೂರಿ ತಟ್ಟಿರಬೇಕು. ತಲೆ ಓರೆ ಮಾಡಿರಬೇಕು. ಕೇಳಿಸದೆ ಇದ್ದದ್ದನ್ನು ಕೇಳಿಸಿತು ಎಂದುಕೊಂಡನೇ, ಅಥವಾ ಕೇಳಿಸಲಿಲ್ಲ ಎಂದು ಗೊತ್ತಿದ್ದೂ ಅಷ್ಟು ಹೊತ್ತು ಒಬ್ಬನೇ ಕೂತು ತಂತಿ ಹೆಣೆದನೇ? ಅವಳಿಗೆ ಆ ಹುರಿಯನ್ನು ನೋಡಲಾಗಲಿಲ್ಲ. ಟಾರ್ಚು ಆರಿಸಿದಳು.

ಹಾಯಿಯ ಹಗ್ಗ ಕಿರುಗುಟ್ಟಿತು. ಮೇಲೆ ಅವನ ದನಿ, ಬಂದರು ಬಂತು ಡಾಕ್ಟ್ರೇ, ಎಂಜಿನ್ ಹಾಕೋಣ್ವಾ?

ಹೇಗೆ ಹೇಳಬೇಕೆಂದು ಮೆಟ್ಟಿಲು ಹತ್ತುವಷ್ಟರಲ್ಲಿ ತಿದ್ದಿ ಸಿದ್ಧ ಮಾಡಿಕೊಂಡಳು. ಕೇಳಿಸಿತು ಎನ್ನುವುದನ್ನು ಹೊಡೆದು ಹಾಕಬೇಕು, ಅಲ್ಲಿ ನೋಡಿದೆ ಎಂದಿಡಬೇಕು. ನೋಡಿದ್ದರಲ್ಲಿ ಯಾರ ಕಿವಿಯ ಪ್ರಶ್ನೆಯೂ ಏಳುವುದಿಲ್ಲ. ನೀರು ತರಲು ಹೋದೆ, ಮುಚ್ಚಳ ಸರಿದಿತ್ತು, ಕಣ್ಣಿಗೆ ಬಿತ್ತು. ಸಾಕು. ಸ್ಕ್ರೂ ಸಡಿಲವಾಗುವುದು ಯಾರ ಕೈಯಲ್ಲೂ ಆಗಬಹುದು. ತಲೆ ಹೊರಗಿಡುತ್ತಲೇ, ರೀ, ಎಂಜಿನ್ ಹಾಕಬೇಡಿ ಎಂದಳು. ಗಾಳಿ ದೋಣಿಯ ಹಿಂದಿನಿಂದ ಅವಳ ಮುಖಕ್ಕೆ ಬೀಸುತ್ತಿತ್ತು, ಅವಳು ಅವನ ಎಡಕ್ಕಿದ್ದಳು. ಅವನು ಬಾಗಿ ಕೀಲಿಗೆ ಕೈ ಹಾಕಿದ.

"ಮೇಸ್ತ್ರಿ," ಎಂದರು ಡಾಕ್ಟರಮ್ಮ. "ನಿಮ್ಮ ಮನೆಯವರು ಏನೋ ಹೇಳ್ತಿದಾರೆ."

ಅವನು ಅದಕ್ಕೂ ಮುಗುಳ್ನಕ್ಕು ತಲೆಯಾಡಿಸಿದ, ಯಾವುದೋ ತಮಾಷೆಗೆ ನಗುವವನ ಹಾಗೆ. ಡಾಕ್ಟರಮ್ಮನ ಮುಖದ ಮೇಲಿನ ನಗು ಅಲ್ಲೇ ಉಳಿದು ಕಣ್ಣು ಮಾತ್ರ ಬೇರೆಯಾಯಿತು. ರೋಗಿ ಬಾಯಿ ತೆರೆದಾಗ ಆಗುವ ಕಣ್ಣು ಅದಿರಬೇಕು. ಅವಳು ಎರಡು ಹೆಜ್ಜೆ ದಾಟಿ ಹೋಗಿ ಕೀಲಿಯ ಮೇಲಿದ್ದ ಅವನ ಕೈ ಹಿಡಿದಳು. ಮದುವೆಯಾದಾಗಿನಿಂದ ಬೇರೆಯವರೆದುರು ಅವನನ್ನು ಹಾಗೆ ಹಿಡಿದಿರಲಿಲ್ಲ. ಅವನು ತಿರುಗಿ ನೋಡಿದ. ಕಣ್ಣನ್ನಲ್ಲ, ಅವಳ ತುಟಿಯನ್ನು. ಎಷ್ಟು ಕಾಲದಿಂದ ಇವನು ತುಟಿ ನೋಡುತ್ತಿದ್ದಾನೆ!

"ಶಾಫ್ಟ್ ಹೊರಗೆ ಜಾರಿದೆ," ಎಂದಳು ಬಿಡಿಸಿ ಬಿಡಿಸಿ. "ಕಪ್ಲಿಂಗಿಂದ. ಬೆರಳಷ್ಟು. ನಾನು ನೋಡಿದೆ."

ಅವನು ಕೀಲಿಯಿಂದ ಕೈ ತೆಗೆದ. "ಮುಚ್ಚಳ ತೆಗೆದು ನೋಡಿದ್ಯಾ?"

"ಹೂಂ."

"ಯಾಕೆ ತೆಗೆದೆ?"

ಸರಿದಿತ್ತು ಎನ್ನುವ ಮಾತು ಬಾಯಲ್ಲೇ ಇತ್ತು. ಆದರೆ ಅವನು ಇನ್ನೂ ತುಟಿಯನ್ನೇ ನೋಡುತ್ತಿದ್ದ, ಮುಂದೆ ಏನು ಬರುತ್ತದೆಂದು ಗೊತ್ತಿದ್ದೂ ಅದನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕೆಂದು ಕಾಯುತ್ತಿದ್ದ. ಅಷ್ಟು ಹತ್ತಿರದಿಂದ ನೋಡುವವನಿಗೆ ಸುಳ್ಳು ಹೇಳಲು ಅವಳ ತುಟಿ ಒಪ್ಪಲಿಲ್ಲ.

"ಸದ್ದು ಬರ್ತಿತ್ತು."

"ಯಾವಾಗಿಂದ?"

"ನೀವು ಗೇರು ಹಾಕಿದಾಗಿಂದ."

ಹಾಯಿ ಒಮ್ಮೆ ಪಟಪಟಿಸಿ ಮತ್ತೆ ತುಂಬಿತು. ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. ಅಯ್ಯೋ, ನಂಗೂ ಏನೂ ಕೇಳಿಸಲಿಲ್ಲಪ್ಪ ಎಂದರು ಸಲೀಸಾಗಿ. ಡ್ರಿಲ್ಲಿಂಗ್ ಮೆಷಿನ್ ಪಕ್ಕ ಬದುಕಿದ ಕಿವಿ ಇದು. ಅವರು ಅವನಿಗೆ ಬಾಗಿಲು ತೆರೆದು ಹಿಡಿದಿದ್ದರು. ಅವನು ದಾಟಿಬಿಡಲಿ ಎಂದು ಅವಳೂ ಉಸಿರು ಹಿಡಿದಳು. ಹೌದು ಡಾಕ್ಟ್ರೇ, ಗಾಳಿ ಜೋರಿತ್ತು ನೋಡಿ ಎಂದರೆ ಮುಗಿಯಿತು. ಮನೆಗೆ ಹೋಗಿ ಮತ್ತೆ ಎಡಕ್ಕೆ ಕೂರುವುದು ಅವಳಿಗೆ ಕಷ್ಟವೇನಲ್ಲ.

"ನಿಮಗೆ ಕೇಳಿಸದಿದ್ರೆ ನಡೆಯುತ್ತೆ ಡಾಕ್ಟ್ರೇ," ಎಂದ ಅವನು. "ನನಗೆ ನಡೆಯಲ್ಲ." ಯಾರದೋ ಎಂಜಿನ್ನಿನ ಬಗ್ಗೆ ಹೇಳುವ ದನಿಯಲ್ಲಿ ಸೇರಿಸಿದ, "ಸಣ್ಣ ಸದ್ದೆಲ್ಲ ಹೋಗಿ ತುಂಬ ದಿನ ಆಯ್ತು. ಆ ಸ್ಕ್ರೂನ ತಟ್ಟಿ ನೋಡಿ ಬಿಗಿ ಮಾಡಿದ್ದು ನಾನು. ನಂಗೆ ಅದೂ ಕೇಳಿಸಿರಲಿಲ್ಲ."

ಡಾಕ್ಟರಮ್ಮ ಕ್ಲಬ್ಬಿನ ದೋಣಿಗಳ ಕಂಬಗಳ ಕಡೆ ಒಮ್ಮೆ ನೋಡಿದರು, ಅವನ ಕಡೆ ನೋಡಿದರು. ಆ ನೋಟದಲ್ಲಿ ಲೆಕ್ಕ ಇತ್ತು, ಇರಲಿಲ್ಲವೆಂದು ಅವಳು ತನಗೆ ತಾನೇ ಹೇಳಿಕೊಳ್ಳಲಾರಳು. ಆಮೇಲೆ ಎದ್ದು ಬಂದು ಚುಕ್ಕಾಣಿಗೆ ಕೈ ಚಾಚಿದರು. ಸರಿ, ಈಗ ಕೀಳೋದಾ, ತುಂಬೋದಾ ಹೇಳಿ ಎಂದರು. ದೋಣಿಯನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ ಎಂದ ಅವನು. ನೀರಿನ ಎಳೆತ ನಿಂತರೆ ಶಾಫ್ಟನ್ನು ಕೈಯಲ್ಲೇ ಒಳಗೆ ತಳ್ಳಬಹುದು. ಬಂದರಿನ ಬಾಯಿಗೆ ಬೆನ್ನು ಹಾಕಿ ದೋಣಿ ತಿರುಗಿತು. ಹಾಯಿಗಳು ಹುಚ್ಚೆದ್ದು ಬಡಿದುಕೊಂಡವು, ಕಟ್ಟೆಯ ಮೇಲಿದ್ದವರಲ್ಲಿ ಯಾರೋ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದರು. ಗಂಡ ಇಸ್ತ್ರಿ ಅಂಗಿಯಲ್ಲೇ ಎಂಜಿನ್ನಿನ ಹಿಂದೆ ನುಗ್ಗಿದ. ಅವಳು ಟಾರ್ಚು ಹಿಡಿದಳು. ಅವನು ಆ ತಂತಿಯ ಹುರಿಯನ್ನು ಒಂದೇ ಸಲಕ್ಕೆ ಕತ್ತರಿಸಿ ತೆಗೆದ. ಶಾಫ್ಟನ್ನು ಎರಡು ಕೈಯಿಂದ ತಬ್ಬಿ, ಬೆನ್ನು ಗೋಡೆಗೆ ಕೊಟ್ಟು ತಳ್ಳಿದ. ಹೊಳೆಯುವ ಬಳೆ ಕೂದಲೆಳೆಯಷ್ಟು, ಮತ್ತಷ್ಟು ಒಳಗೆ ಹೋಗಿ ಮರೆಯಾಯಿತು. ಸ್ಪ್ಯಾನರ್ ಹಾಕಿ ಎರಡೂ ಸ್ಕ್ರೂ ತಿರುಗಿಸಿದ. ಹಣೆಯ ಬೆವರು ಮೂಗಿನ ತುದಿಯಿಂದ ಕಪ್ಲಿಂಗಿನ ಮೇಲೆ ಬಿತ್ತು. ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಸಿಟ್ಟೋ, ಅವಮಾನವೋ, ಎರಡೂ ಅಲ್ಲದ್ದೋ. ಇಷ್ಟು ವರ್ಷ ಏನಿಲ್ಲ ಎಂದು ಮುಚ್ಚಿಟ್ಟದ್ದಕ್ಕೆ ಅವನು ಸಂಜೆ ಮನೆಯಲ್ಲಿ ಏನು ಕೇಳುತ್ತಾನೆ, ತಾನೇನು ಹೇಳುತ್ತೇನೆ ಎಂದು ಅವಳ ಮನಸ್ಸು ಆಗಲೇ ಕರಡು ಬರೆಯತೊಡಗಿತ್ತು. ಅದನ್ನು ತಡೆದಳು.

"ಹಾಯಿ ತುಂಬಿಸಿ," ಎಂದು ಅವನು ಮೇಲಕ್ಕೆ ಕೂಗಿದ.

ದೋಣಿ ವಾಲಿತು, ತಳದಡಿಯಲ್ಲಿ ನೀರು ಮಾತಾಡತೊಡಗಿತು. ಗೇರು ಕಚ್ಚಿಕೊಂಡೇ ಇತ್ತು, ಶಾಫ್ಟ್ ಅಲ್ಲಾಡದೆ ನಿಂತಿತ್ತು. ಒಂದು ಅಲೆ ಏರಿತು, ಇಳಿಯಿತು.

"ಏನು ಮೇಸ್ತ್ರಿ, ಸರಿಹೋಯ್ತಾ?" ಮೇಲಿನಿಂದ ಡಾಕ್ಟರಮ್ಮ.

ಅವನಿಗೆ ಅದು ಕೇಳಿಸಿತು, ಅಥವಾ ಕೇಳಿರಬಹುದೆಂದು ಊಹಿಸಿದ. ಗ್ರೀಸಿನ ಕೈಯನ್ನು ಅಂಗಿಯ ಎದೆಗೇ ಒರೆಸಿಕೊಂಡ. "ಅವಳನ್ನ ಕೇಳಿ," ಎಂದ.

ಇಬ್ಬರೂ ಕಾದರು. ಹೂಂ ಎಂದುಬಿಡುವುದು ಎಷ್ಟು ಸುಲಭವಿತ್ತು, ಎಷ್ಟು ಜನರಿಗೆ ಹಿತವಿತ್ತು. ಅವಳು ಕಣ್ಣು ಮುಚ್ಚಿದಳು. ನೀರು, ಹಗ್ಗ, ಅವನ ಏದುಸಿರು, ತನ್ನದೇ ಎದೆ. ಅವನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸಿದಳು. ಅಲೆ ಏರಿದಾಗ ಏನಿಲ್ಲ. ಇಳಿಯುವಾಗ, ತೀರ ತಳದಲ್ಲಿ, ಚಿಟ್‌ನ ನೆರಳಿನಂಥದ್ದೊಂದು.

ಕಣ್ಣು ತೆರೆದು, ಅವನು ನೋಡುವಂತೆ ಮುಖ ಬೆಳಕಿಗೆ ತಿರುಗಿಸಿ ಹೇಳಿದಳು, "ಇನ್ನೂ ಇದೆ. ಎಡಗಡೆದು."

ಅವನು ತಲೆಯಾಡಿಸಿ ಸ್ಪ್ಯಾನರನ್ನು ಎಡಗಡೆ ಸ್ಕ್ರೂಗೆ ಹಾಕಿದ.